ಊಟದ ಜೋಡಿ ಚಾ ಬ್ಯಾಡ್ರಿ, ಪೇರಲಹಣ್ಣು ಕೊಡ್ರಿ

ಮೆಸ್ಸಿನ ಬಗ್ಗೆ ಬರೀತಿದ್ದೀವಿ ಅಂದ ಕೂಡಲೇ ಸಾಂಬಾರು ನೀರಾಗಿದೆ, ಚಪಾತಿ ರಬ್ಬರ್ ಆಗಿದೆ ಅನ್ನೋ ಹಳೇ ರಗಳೆ ಅಂತ ತಿಳೀಬೇಡಿ. ಅದನ್ನ ಬರೆದು ಬರೆದು ನಮಗೇ ಬೇಸರ ಬಂದಿದೆ. ಈ ಸಲದ ಮಾತು ಚಹಾದ ಟೈಮಿಂಗ್ ಬಗ್ಗೆ. ಬೆಳಿಗ್ಗೆ ಎಂಟಕ್ಕೆ ನಾಷ್ಟಾ, ಅದರ ಪಕ್ಕದಲ್ಲೇ ಚಹಾದ ಡ್ರಮ್ಮು. ಒಂದು ಕೈಯಲ್ಲಿ ಅವಲಕ್ಕಿ ಪ್ಲೇಟು, ಇನ್ನೊಂದು ಕೈಯಲ್ಲಿ ಲೋಟ. ಈ ಲೋಟವನ್ನು ಪ್ಲೇಟಿನಿಂದ ದೂರ ಸರಿಸಬೇಕು, ಅದು ಖಾಲಿ ಮಾಡಿದ ಜಾಗಕ್ಕೆ ಹಣ್ಣಿನ ಒಂದು ಹೋಳು ಬರಬೇಕು ಅನ್ನೋದು ನಮ್ಮ ವಾದ. ಕಾರಣ ರಕ್ತಹೀನತೆ. ನಮ್ಮ ಕಡೆ ಮಾತಲ್ಲಿ ಹೇಳೋದಾದ್ರೆ, 'ಮೈಯಾಗ ರಕ್ತ ಕಮ್ಮಿ ಅದ'.

ಹೋದ ಸೆಮಿಸ್ಟರಿನ ರಕ್ತದಾನ ಶಿಬಿರ ನೆನಪಿರಬೇಕು. ರಕ್ತ ಕೊಡೋಕೆ ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇರಬೇಕು ಅಂತ ನಿಯಮ. ಬೆರಳು ಚುಚ್ಚಿಸಿಕೊಂಡು ಹಾಗೇ ವಾಪಸ್ ಬಂದವರಲ್ಲಿ ನಮ್ಮ ಬಳಗದ ಹುಡುಗಿಯರೇ ಜಾಸ್ತಿ. "ನಂದು ಹತ್ತೂವರಿ ಅಂತ ನೋಡವಾ", "ನಂದು ಅದಕ್ಕೂ ಕಮ್ಮಿ" ಅಂತ ನಗ್ತಾ ನಗ್ತಾ ಬಿಸ್ಕೆಟ್ ತಿಂದು ಕ್ಲಾಸಿಗೆ ಹೋದರು. ಸೆಮಿಸ್ಟರ್ ಮಾರ್ಕ್ಸ್ ಹತ್ತು ಕಮ್ಮಿ ಬಂದರೆ ರೀವ್ಯಾಲ್ಯುಯೇಶನ್ ಹಾಕೋ ನಾವು, ಹಿಮೋಗ್ಲೋಬಿನ್ ಕಮ್ಮಿ ಬಂದರೆ ನಕ್ಕು ಬಿಟ್ಟುಬಿಡ್ತೀವಿ. ಹೆಣ್ಣುಮಕ್ಕಳಲ್ಲಿ 12ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಹಾಕಿದೆ. ನಾಲ್ಕನೇ ಮಹಡಿಯ ಲ್ಯಾಬಿಗೆ ಹತ್ತೋವಾಗ ಏದುಸಿರು ಬರೋದು, ಮಧ್ಯಾಹ್ನದ ಕ್ಲಾಸಿನಲ್ಲಿ ಕಣ್ಣು ತೂಗೋದು, ಓದಿದ್ದು ತಲೆಯಲ್ಲಿ ನಿಲ್ಲದೇ ಇರೋದು, ಎಲ್ಲವನ್ನೂ ಸೋಮಾರಿತನದ ಲೆಕ್ಕಕ್ಕೆ ಬರೆಯೋದು ನಿಲ್ಲಿಸಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ಕ್ಲಾಸಿನಲ್ಲಿ ಮೂವತ್ತು ಹುಡುಗಿಯರಿದ್ದರೆ ಹದಿನಾಲ್ಕು ಜನ ಅಂತ ಲೆಕ್ಕ. ಗಂಡುಮಕ್ಕಳು ಆರಾಮಾಗಿ ಕೂರೋ ಹಾಗಿಲ್ಲ, ದೇಶದಲ್ಲಿ ನಾಲ್ವರು ಗಂಡಸರಲ್ಲಿ ಒಬ್ಬರಿಗೆ ಇದೇ ತೊಂದರೆ.

ಈಗ ಊರಿನ ಮಾತಿಗೆ ಬರೋಣ. ನಮ್ಮ ಬಳಗದಲ್ಲಿ ಯಾದಗಿರಿ ಕಡೆಯವರು ಸಾಕಷ್ಟು ಮಂದಿ ಇದ್ದೀವಿ. ಹತ್ತಿಕುಣಿ, ಶಹಾಪುರ, ಸುರಪುರ. ದೇಶದ 112 'ಮಹತ್ವಾಕಾಂಕ್ಷೆಯ ಜಿಲ್ಲೆ'ಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇರೋದು ಎರಡೇ, ರಾಯಚೂರು ಮತ್ತು ನಮ್ಮ ಯಾದಗಿರಿ. ಹಿಂದುಳಿದ ಜಿಲ್ಲೆ ಅನ್ನೋದಕ್ಕೆ ದೆಹಲಿಯವರು ಹುಡುಕಿದ ಮರ್ಯಾದೆಯ ಹೆಸರು ಅದು. ಹಿಂದುಳಿದವರು ಅಂದ ಮೇಲೆ ಊಟವೂ ಹಿಂದುಳಿದಿರಬೇಕು ಅಂತ ಎಲ್ಲರೂ ಅಂದುಕೊಳ್ತಾರೆ. ಖರೇನಾ? ಲೆಕ್ಕ ಹಾಕಿ ನೋಡೋಣ, ಎಂಜಿನಿಯರಿಂಗ್ ಓದ್ತಿದ್ದೀವಲ್ಲ.

ಹತ್ತಿಕುಣಿಯ ಒಂದು ಸಾದಾ ಮನೆಯ ಊಟ: ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕಚ್ಚಿಕೊಳ್ಳಲು ಹಸಿ ಉಳ್ಳಾಗಡ್ಡಿ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ ಇದೆ. ತೊಗರಿ ಬ್ಯಾಳಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ. ಸಜ್ಜೆಯಲ್ಲಿ ಆರಕ್ಕೂ ಮೇಲೆ. ಬಿಳಿ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಮೂರು ರೊಟ್ಟಿಗೆ ಇನ್ನೂರು ಗ್ರಾಂ ಹಿಟ್ಟು, ಐವತ್ತು ಗ್ರಾಂ ಬ್ಯಾಳಿ ಅಂತ ಹಿಡಿದರೆ ಒಂದು ಊಟಕ್ಕೆ 10 ಮಿಲಿಗ್ರಾಂ. ಎರಡು ಹೊತ್ತಿಗೆ 20. ಪಲ್ಯ, ಶೇಂಗಾ, ಕಾಳು ಸೇರಿಸಿದರೆ ಇನ್ನೊಂದಿಷ್ಟು. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಬೇಕು. ಅಂದ್ರೆ ಹೊಟ್ಟೆತುಂಬ ರೊಟ್ಟಿ ಉಂಡವರಿಗೆ ಕಾಗದದ ಮೇಲೆ ಲೆಕ್ಕ ಬಹಳ ಹಿಂದೆ ಬೀಳಲ್ಲ.

ಹಾಗಾದ್ರೆ ರಕ್ತ ಎಲ್ಲಿ ಹೋಯ್ತು?

ಈ 29ರ ಹಿಂದೆ ಒಂದು ಊಹೆ ಅಡಗಿದೆ. ತಿಂದ ಕಬ್ಬಿಣದಲ್ಲಿ ಶೇ 8ರಷ್ಟು ಮಾತ್ರ ರಕ್ತಕ್ಕೆ ಸೇರುತ್ತೆ ಅಂತ ಇಟ್ಟುಕೊಂಡೇ ಆ ಅಂಕಿ ಹಾಕಿದ್ದಾರೆ. 29ರಲ್ಲಿ ಶೇ 8 ಅಂದ್ರೆ 2.3 ಮಿಲಿಗ್ರಾಂ. ಉಳಿದದ್ದೆಲ್ಲ ಬಂದ ದಾರಿಗೆ ಸುಂಕವಿಲ್ಲದೆ ಹೊರಗೆ. ಈ ಎಫಿಶಿಯನ್ಸಿ ಇರೋ ಯಂತ್ರ ಡಿಸೈನ್ ಮಾಡಿಕೊಟ್ಟರೆ ನಮ್ಮ ಮೆಕ್ಯಾನಿಕಲ್ ಡಿಪಾರ್ಟ್‌ಮೆಂಟಿನವರು ವೈವಾದಲ್ಲೇ ಫೇಲ್ ಮಾಡ್ತಾರೆ. ಆ ಎಂಟು ನಾಲ್ಕಕ್ಕೆ ಇಳಿದರೆ 20 ಮಿಲಿಗ್ರಾಂ ತಿಂದರೂ ಒಳಗೆ ಸೇರೋದು 0.8. ಆದ್ದರಿಂದ ಎಷ್ಟು ಕಬ್ಬಿಣ ತಿಂದ್ವಿ ಅನ್ನೋದರ ಜೊತೆಗೆ ಅದನ್ನ ಯಾವುದರ ಜೋಡಿ ತಿಂದ್ವಿ ಅಂತಲೂ ಕೇಳಬೇಕು.

ಫಸ್ಟ್ ಸೆಮ್ ಕೆಮಿಸ್ಟ್ರಿ ಇಲ್ಲಿ ಉಪಯೋಗಕ್ಕೆ ಬರುತ್ತೆ (ಇಲ್ಲಿಯಾದರೂ ಬರಲಿ). ಕಾಳು, ಸೊಪ್ಪಿನಲ್ಲಿರೋ ಕಬ್ಬಿಣ ಬಹುಪಾಲು ಫೆರಿಕ್ ರೂಪದ್ದು. ಸಣ್ಣ ಕರುಳಿನ ಗೋಡೆಯಲ್ಲಿ ಡಿಎಂಟಿ-1 ಅನ್ನೋ ಒಂದು ಬಾಗಿಲಿದೆ, ಅದು ಫೆರಸ್ ರೂಪವನ್ನು ಮಾತ್ರ ಒಳಗೆ ಬಿಡುತ್ತೆ. ಫೆರಿಕ್ಕನ್ನ ಫೆರಸ್ ಮಾಡಿ, ಕರಗಿದ ಸ್ಥಿತಿಯಲ್ಲೇ ಇಟ್ಟು ಬಾಗಿಲವರೆಗೆ ಮುಟ್ಟಿಸೋಕೆ ಒಬ್ಬರು ಬೇಕು, ಆ ಕೆಲಸ ವಿಟಮಿನ್ ಸಿ ಮಾಡುತ್ತೆ. ದಾರಿಯಲ್ಲಿ ಹಿಡಿದು ಕೂರಿಸೋರು ಇಬ್ಬರು. ಒಂದು, ಧಾನ್ಯದ ಹೊಟ್ಟು, ಮೊಳಕೆ ಭಾಗದಲ್ಲಿರೋ ಫೈಟೇಟ್. ಎರಡು, ಚಹಾ, ಕಾಫಿಯ ಟ್ಯಾನಿನ್ ಜಾತಿಯ ಪಾಲಿಫಿನಾಲ್‌ಗಳು. ಇವು ಕಬ್ಬಿಣವನ್ನು ಗಟ್ಟಿಯಾಗಿ ಕಟ್ಟಿಹಾಕಿ ಕರಗದ ಹಾಗೆ ಮಾಡಿಬಿಡ್ತವೆ. ಮಾಂಸ, ಮೀನಿನ ಹೀಮ್ ಕಬ್ಬಿಣಕ್ಕೆ ಬೇರೆಯದೇ ದಾರಿ ಇದೆ, ಅದಕ್ಕೆ ಈ ಕಾಟ ಕಮ್ಮಿ. ತಿನ್ನೋರು ವಾರಕ್ಕೊಮ್ಮೆ ತಿಂದರೂ ಅದೇ ತಟ್ಟೆಯ ರೊಟ್ಟಿಯ ಕಬ್ಬಿಣಕ್ಕೂ ಒಂದಿಷ್ಟು ಸಹಾಯ ಆಗುತ್ತೆ.

ಕಂಟ್ರೋಲ್ ಸಿಸ್ಟಮ್ಸ್ ಓದೋರಿಗೆ ಇನ್ನೊಂದು ಮಾತು. ಇದಕ್ಕೆಲ್ಲ ಒಂದು ಫೀಡ್‌ಬ್ಯಾಕ್ ಲೂಪ್ ಇದೆ. ಮೈಯಲ್ಲಿ ಕಬ್ಬಿಣ ಸಾಕಷ್ಟಿದ್ದರೆ ಯಕೃತ್ತು ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಬಿಟ್ಟು ಬಾಗಿಲು ಬಿಗಿ ಮಾಡುತ್ತೆ, ಕೊರತೆ ಇದ್ದರೆ ಸಡಿಲ ಬಿಡುತ್ತೆ. ಅಂದ್ರೆ ಬೇಕಾದವರ ಮೈ ತಾನಾಗಿಯೇ ಕೈ ಚಾಚಿ ನಿಂತಿರುತ್ತೆ. ನಾವು ಅದರ ಕೈಗೆ ಚಹಾ ಕೊಡ್ತೀವಿ.

ಇದು ನಮ್ಮ ಕಲ್ಪನೆ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ನಮ್ಮದೇ ವಯಸ್ಸಿನ ಹೆಣ್ಣುಮಕ್ಕಳ ಮೇಲೆ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ರಕ್ತಹೀನತೆ ಇದ್ದವರು, ಇಲ್ಲದವರು, ಇಬ್ಬರಿಗೂ ಅಕ್ಕಿಯ ಊಟ ಕೊಟ್ಟು, ಅದರ ಕಬ್ಬಿಣ ಎಷ್ಟು ರಕ್ತ ಸೇರಿತು ಅಂತ ಐಸೊಟೋಪ್ ಬಳಸಿ ಅಳೆದರು. ಊಟದ ಜೊತೆ ಒಂದು ಕಪ್ ಚಹಾ ಕುಡಿದರೆ ಹೀರಿಕೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಎರಡು ಕಪ್ ಕುಡಿದರೆ ಮೂರರಲ್ಲಿ ಎರಡು ಪಾಲು ಹೋಯಿತು. ಅದೇ ಊಟಕ್ಕೆ ವಿಟಮಿನ್ ಸಿ ಸೇರಿಸಿದಾಗ ಹೀರಿಕೆ ಮೂರು ಪಟ್ಟಿಗೂ ಮೀರಿ ಏರಿತು. ಊಟ ಒಂದೇ, ತಟ್ಟೆಯಲ್ಲಿದ್ದ ಕಬ್ಬಿಣವೂ ಒಂದೇ.

ಚಹಾ ಯಾವಾಗ ಕುಡೀಬೇಕು ಅನ್ನೋದಕ್ಕೂ ಒಂದು ಹಳೇ ಪ್ರಯೋಗ ಇದೆ, 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು, ಕಾಫಿಯ ಮೇಲೆ ಮಾಡಿದ್ದು. ಊಟಕ್ಕೆ ಒಂದು ತಾಸು ಮೊದಲು ಕುಡಿದರೆ ಏನೂ ನಷ್ಟ ಆಗಲಿಲ್ಲ. ಊಟವಾದ ಒಂದು ತಾಸಿಗೆ ಕುಡಿದರೆ ಊಟದ ಜೊತೆ ಕುಡಿದಷ್ಟೇ ನಷ್ಟ. ಎಷ್ಟೋ ಮನೆಗಳಲ್ಲಿ 'ಊಟ ಆತು, ಈಗ ಒಂದ್ ಚಾ ಆಗ್ಲಿ' ಅನ್ನೋ ರೂಢಿ ಇದೆಯಲ್ಲ, ಅದು ಸರಿಯಾಗಿ ತಪ್ಪು ಹೊತ್ತಿಗೇ ಬೀಳುತ್ತೆ. ಹತ್ತಿಕುಣಿ ಕಡೆ ಇನ್ನೂ ಒಂದು ಪದ್ಧತಿ ಇದೆ. ಮುಂಜಾನೆ ಹೊಲಕ್ಕೆ ಹೋಗೋ ಹೆಣ್ಣುಮಕ್ಕಳು ರಾತ್ರಿಯ ರೊಟ್ಟಿಯನ್ನ ಚಹಾದಲ್ಲಿ ಅದ್ದಿ ತಿಂದು ಹೊರಡ್ತಾರೆ. ಜೋಳದ ಫೈಟೇಟ್ ಒಂದು ಕಡೆ, ಚಹಾದ ಟ್ಯಾನಿನ್ ಇನ್ನೊಂದು ಕಡೆ. ಆ ರೊಟ್ಟಿಯ ಕಬ್ಬಿಣ ಹೊಟ್ಟೆಯೊಳಗೇ ಇದ್ದು ಪರದೇಶಿ.

ಸರಿ, ನಿಂಬೆಹಣ್ಣು ಹಿಂಡಿಕೊಂಡರೆ ಆಯ್ತಲ್ಲ ಅಂತೀರಾ? ಅದನ್ನೂ ಲೆಕ್ಕ ಹಾಕಿದ್ದೀವಿ. ಆ ಬೆಂಗಳೂರು ಅಧ್ಯಯನದಲ್ಲಿ ಒಂದು ಮೋಲ್ ಕಬ್ಬಿಣಕ್ಕೆ ಎರಡು ಮೋಲ್ ವಿಟಮಿನ್ ಸಿ ಅನ್ನೋ ಅನುಪಾತವನ್ನೂ ನೋಡಿದ್ದರು. ವಿಟಮಿನ್ ಸಿಯ ಅಣುತೂಕ 176, ಕಬ್ಬಿಣದ್ದು 56. ಹಾಗಾದರೆ 1 ಮಿಲಿಗ್ರಾಂ ಕಬ್ಬಿಣಕ್ಕೆ 6.3 ಮಿಲಿಗ್ರಾಂ ವಿಟಮಿನ್ ಸಿ. ಹತ್ತು ಮಿಲಿಗ್ರಾಂ ಕಬ್ಬಿಣದ ರೊಟ್ಟಿ ಊಟಕ್ಕೆ ಅರವತ್ತು ಮಿಲಿಗ್ರಾಂ ಚಿಲ್ಲರೆ. ಒಂದು ನಿಂಬೆಹಣ್ಣಿನ ರಸದಲ್ಲಿ ಸಿಗೋದು ಹನ್ನೆರಡು-ಹದಿನೈದು. ನಿಂಬೆಯ ಸಿಟ್ರಿಕ್ ಆಮ್ಲವೂ ಸ್ವಲ್ಪ ಕೈ ಹಿಡಿಯುತ್ತೆ ಅನ್ನಿ, ಆದರೂ ಮೆಸ್ಸಿನಲ್ಲಿ ಕೊಡೋ ಉಗುರಿನಷ್ಟು ತುಂಡಿನಿಂದ ದೊಡ್ಡ ಬದಲಾವಣೆ ಆಗಲ್ಲ. ಪೇರಲಹಣ್ಣು (ಬೆಂಗಳೂರು ಕಡೆಯವರ ಸೀಬೆ) ನೂರು ಗ್ರಾಂಗೆ ಇನ್ನೂರು ಮಿಲಿಗ್ರಾಂಗೂ ಮೇಲೆ ಕೊಡುತ್ತೆ. ಅರ್ಧ ಹಣ್ಣು ಸಾಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದನ್ನೇ ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿತು. ಹದಿಹರೆಯದವರಿಗೆ ಅನ್ನದ ಊಟದ ಜೊತೆ ನೂರು ಗ್ರಾಂ ಪೇರಲಹಣ್ಣು ಕೊಟ್ಟಾಗ ಕಬ್ಬಿಣದ ಹೀರಿಕೆ ಎರಡು ಪಟ್ಟಿಗೂ ಹೆಚ್ಚಾಯಿತು. ಸೇಬು ತಿಂದ್ರೆ ಶ್ರೀಮಂತರು ಅನ್ನೋ ಕಾಲ ಹೋಯ್ತು ಕಣ್ರಿ, ರೋಡ್ ಪಕ್ಕದ ಗಾಡಿಯಲ್ಲಿ ಉಪ್ಪು-ಖಾರ ಹಚ್ಚಿ ಕೊಡೋ ಹಣ್ಣೇ ಇಲ್ಲಿ ಹೀರೋ. ಒಂದೇ ಷರತ್ತು: ಊಟದ ಜೊತೆಗೇ ತಿನ್ನಬೇಕು. ಸಂಜೆ ಬಸ್ ಸ್ಟಾಪಿನಲ್ಲಿ ತಿಂದರೆ ಮಧ್ಯಾಹ್ನದ ರೊಟ್ಟಿಗೆ ಉಪಯೋಗ ಇಲ್ಲ.

ನಮಗೆ ಖುಷಿ ಕೊಟ್ಟದ್ದು ಮೈಸೂರಿನ ಸಿಎಫ್‌ಟಿಆರ್‌ಐ ಮಾಡಿದ ಕೆಲಸ. ಧಾನ್ಯ, ಬೇಳೆಕಾಳಿನ ಜೊತೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಸೇರಿಸಿದರೆ ಕಬ್ಬಿಣ, ಜಿಂಕ್ ಎರಡೂ ಹೆಚ್ಚು ಬಿಡುಗಡೆಯಾಗ್ತವೆ ಅಂತ 2010ರಲ್ಲಿ ತೋರಿಸಿದರು, ಹಸಿಯಾಗಿದ್ದರೂ ಸರಿ, ಬೇಯಿಸಿದರೂ ಸರಿ. ಲ್ಯಾಬಿನಲ್ಲಿ ಹೊಟ್ಟೆಯ ಜೀರ್ಣಕ್ರಿಯೆಯನ್ನು ಅನುಕರಿಸಿ ಅಳೆದದ್ದು ಅದು, ಮನುಷ್ಯರ ಮೇಲೆ ಅಲ್ಲ, ಅಷ್ಟು ಎಚ್ಚರ ಇರಲಿ. ಆದರೂ ರೊಟ್ಟಿ, ಬಳ್ಳೊಳ್ಳಿ ಖಾರ, ಗುದ್ದಿದ ಉಳ್ಳಾಗಡ್ಡಿ ಅನ್ನೋ ಜೋಡಿಗೆ ಇದೊಂದು ಒಳ್ಳೆ ಸರ್ಟಿಫಿಕೇಟು. ಅದೇ ಸಂಸ್ಥೆ ಅದಕ್ಕೂ ಮೊದಲು ಹುಳಿಗಳನ್ನ ಪರೀಕ್ಷೆ ಮಾಡಿತ್ತು. ಸಿಟ್ರಿಕ್ ಆಮ್ಲ, ಆಮ್‌ಚೂರ್ ಸಹಾಯ ಮಾಡಿದವು. ಹುಣಸೆಹಣ್ಣಿನಿಂದ ಆ ಲಾಭ ಕಾಣಲಿಲ್ಲ. ಹುಳಿ ಇದ್ದದ್ದೆಲ್ಲ ಒಂದೇ ಅಲ್ಲ.

'ನಮ್ಮ ಅಜ್ಜಿಗೆ ಎಲ್ಲಾ ಗೊತ್ತಿತ್ತು' ಅನ್ನೋ ವಾಟ್ಸಾಪ್ ಮಾತನ್ನ ನಾವು ಹೇಳ್ತಿಲ್ಲ. ಅಜ್ಜಿಯ ತಟ್ಟೆಯಲ್ಲಿ ಒಳ್ಳೆಯದೂ ಇತ್ತು, ಅಜ್ಜಿಗೂ ರಕ್ತ ಕಮ್ಮಿ ಇದ್ದಿರಬಹುದು. ಹೆರಿಗೆ ಮೇಲೆ ಹೆರಿಗೆ, ಎಲ್ಲರದೂ ಆದ ಮೇಲೆ ಉಳಿದದ್ದನ್ನ ಉಣ್ಣೋ ಪದ್ಧತಿ, ಬರಿಗಾಲು, ಹೊಟ್ಟೆಹುಳ. ಇದನ್ನ ಯಾವ ಉಳ್ಳಾಗಡ್ಡಿಯೂ ಸರಿಮಾಡಲ್ಲ. ಹತ್ತಿಕುಣಿಯಿರಲಿ, ಸುರಪುರವಿರಲಿ, ಪಾತ್ರೆಯ ತಳದಲ್ಲಿ ಉಳಿದ ಬ್ಯಾಳಿ ಇವತ್ತಿಗೂ ಯಾರ ಪಾಲಿಗೆ ಬರುತ್ತೆ ಅಂತ ನಿಮ್ಮ ಮನೆಯಲ್ಲೇ ಒಮ್ಮೆ ನೋಡಿ.

ಸುಳ್ಳು ನಂಬಿಕೆಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀವಿ. ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ ಅಂತ ಅವುಗಳಲ್ಲಿ ರಕ್ತ ಇಲ್ಲ. ಎರಡರಲ್ಲೂ ಕಬ್ಬಿಣ ನೂರು ಗ್ರಾಂಗೆ ಒಂದು ಮಿಲಿಗ್ರಾಂ ಕೂಡ ಬರಲ್ಲ. ಹುಷಾರಿಲ್ಲದವರನ್ನ ನೋಡೋಕೆ ದಾಳಿಂಬೆ ಒಯ್ಯೋ ದುಡ್ಡಿಗೆ ಒಂದು ಚೀಲ ಪೇರಲಹಣ್ಣು, ಒಂದು ಪಾಕೀಟು ಶೇಂಗಾ ಬರುತ್ತೆ. ಕಬ್ಬಿಣದ ಪಾತ್ರೆಯ ಅಡುಗೆ ಮಾತ್ರ ಸುಳ್ಳಲ್ಲ. ಇಥಿಯೋಪಿಯಾದಲ್ಲಿ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ್ದನ್ನ ಉಂಡ ಮಕ್ಕಳ ಹಿಮೋಗ್ಲೋಬಿನ್ ಏರಿದ್ದು 1999ರಲ್ಲೇ ವರದಿಯಾಗಿದೆ. ಒಣ ರೊಟ್ಟಿಗೆ ಹಂಚಿನಿಂದ ಹೆಚ್ಚೇನೂ ಅಂಟಲ್ಲ. ಪುಂಡಿಪಲ್ಯದಂಥ ಹುಳಿ ಪದಾರ್ಥ ಕುದಿಸಿದರೆ ಬಿಡುತ್ತೆ.

ಸಜ್ಜೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಬ್ಬಿಣದ ಅಂಶ ಹೆಚ್ಚಿರುವ ಹಾಗೆ ಬೆಳೆಸಿದ ಸಜ್ಜೆ ತಳಿಗಳಿವೆ, 'ಧನಶಕ್ತಿ' ಅವುಗಳಲ್ಲೊಂದು. ಇಂಥ ಸಜ್ಜೆಯನ್ನ ನಮ್ಮದೇ ಕರ್ನಾಟಕದ ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಬಂತು. ಸಾದಾ ಸಜ್ಜೆಯಿಂದ ದಿನಕ್ಕೆ 0.23 ಮಿಲಿಗ್ರಾಂ ಹೀರಿಕೆಯಾದರೆ ಇದರಿಂದ 0.67. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಡೆ ಭತ್ತ ಹಬ್ಬಿತು. ರೇಷನ್ನಿನಲ್ಲಿ ಅಕ್ಕಿ ಬಂತು, ಹೊಟ್ಟೆ ತುಂಬಿತು. ಅದನ್ನ ಹೀಗಳೆಯೋ ಹಕ್ಕು ಹಸಿದು ನೋಡದವರಿಗೆ ಇಲ್ಲ. ಆದರೆ ಜೋಳ, ಸಜ್ಜೆ ತಟ್ಟೆಯಿಂದ ಇಳಿದಷ್ಟೂ ಕಬ್ಬಿಣವೂ ಇಳೀತು. ಆಮೇಲೆ ಅದೇ ಕೊರತೆ ತುಂಬೋಕೆ ಸರ್ಕಾರ ಅಕ್ಕಿಗೆ ಕಬ್ಬಿಣ ಸೇರಿಸಿದ ಕಾಳು ಬೆರೆಸಿ ಕೊಡೋಕೆ ಶುರು ಮಾಡಿತು, ನೂರಕ್ಕೆ ಒಂದರಂತೆ. ಊರಲ್ಲಿ ಕೆಲವರು 'ಪ್ಲಾಸ್ಟಿಕ್ ಅಕ್ಕಿ ಅದ' ಅಂತ ಅದನ್ನ ಆರಿಸಿ ಎಸೀತಾರೆ. ರಜೆಗೆ ಊರಿಗೆ ಹೋದಾಗ ಅಮ್ಮನಿಗೆ ಇದೊಂದನ್ನ ತಿಳಿಸಿ ಹೇಳಿದರೂ ನಮ್ಮ ಓದು ಸಾರ್ಥಕ.

ಶಾಲೆಯ ವಿಷಯದಲ್ಲೂ ನಮಗೊಂದು ಅಭಿಪ್ರಾಯ ಇದೆ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದ ಏಳು ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಆಗ ಎದ್ದ ಗಲಾಟೆ ಎಲ್ಲರಿಗೂ ಗೊತ್ತು. ನಾವು ಮೊಟ್ಟೆಯ ಪರ, ಬೆಳೆಯೋ ಮಕ್ಕಳಿಗೆ ಪ್ರೋಟೀನ್ ಬೇಕು. ಆದರೆ ಮೊಟ್ಟೆಯಿಂದ ರಕ್ತಹೀನತೆ ಹೋಗುತ್ತೆ ಅಂತ ಕೂತರೆ ಆಗಲ್ಲ, ಯಾಕಂದ್ರೆ ಹಳದಿಯಲ್ಲಿರೋ ಫಾಸ್ವಿಟಿನ್ ಅನ್ನೋ ಪ್ರೋಟೀನು ಕಬ್ಬಿಣವನ್ನ ಬಿಗಿ ಹಿಡಿದುಕೊಳ್ಳುತ್ತೆ. ಮೊಟ್ಟೆಯ ಪಕ್ಕದಲ್ಲಿ ಒಂದು ಪೇರಲಹಣ್ಣೋ ನೆಲ್ಲಿಕಾಯಿಯೋ ಇದ್ದರೆ ತಟ್ಟೆ ಪೂರ್ತಿ ಆಗುತ್ತೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡ್ತಿದ್ದ ನೀಲಿ ಮಾತ್ರೆ ನಮ್ಮಲ್ಲಿ ಎಷ್ಟು ಜನ ಕಿಟಕಿಯಿಂದ ಆಚೆ ಹಾರಿಸಿದ್ದೀವಿ ಅಂತ ಕೇಳಬೇಡಿ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇತ್ತು. ಈಗ ಡಾಕ್ಟರು ಬರೆದುಕೊಟ್ಟ ಮಾತ್ರೆ ನುಂಗುವವರು ಹಾಲು, ಚಹಾದ ಜೊತೆ ನುಂಗಬೇಡಿ. ಹಾಲಿನ ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತೆ. ನಿಂಬೆ ಶರಬತ್ತಿನ ಜೊತೆ ನುಂಗಿ.

ಇಷ್ಟು ಹೇಳಿದ ಮೇಲೂ ಒಂದು ಮಾತು ಸ್ಪಷ್ಟ ಇರಲಿ. ಹಿಮೋಗ್ಲೋಬಿನ್ ಎಂಟು-ಒಂಬತ್ತಕ್ಕೆ ಇಳಿದವರು ಪೇರಲಹಣ್ಣು ನಂಬಿ ಕೂರಬಾರದು, ಡಾಕ್ಟರ ಹತ್ತಿರ ಹೋಗಬೇಕು. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಿರಬಹುದು, ಬಿ-12 ಕೊರತೆ ಇರಬಹುದು, ಹುಳದ ಮಾತ್ರೆ ತಗೊಂಡು ವರ್ಷಗಳೇ ಆಗಿರಬಹುದು. ಊಟ ಮಾಡೋ ಕೆಲಸ ಬೇರೆ, ಔಷಧಿ ಮಾಡೋ ಕೆಲಸ ಬೇರೆ.

ಈ ಲೇಖನದ ಕರಡು ಓದಿದ ಹತ್ತಿಕುಣಿ ಕಡೆಯ ನಮ್ಮ ಗೆಳತಿಯೊಬ್ಬಳು ನೇರವಾಗಿ ಕೇಳಿದಳು: "ಹೊಲಕ್ಕ ಹೋಗೋ ಮಂದಿ ಚಾ ಬಿಟ್ಟು ಹ್ಯಾಂಗ ಇರ್ತಾರ? ಹಸಿವು ಸಾಯೋದೇ ಅದರ ಮ್ಯಾಲ." ಅದಕ್ಕೆ ನಮ್ಮಲ್ಲಿ ಸುಲಭದ ಉತ್ತರ ಇರಲಿಲ್ಲ. ಎದ್ದ ಕೂಡಲೇ ಚಹಾ ಕುಡಿದು, ರೊಟ್ಟಿಯನ್ನ ಬುತ್ತಿ ಕಟ್ಟಿಕೊಂಡು ಹೋಗಿ ಹೊಲದಲ್ಲಿ ಉಳ್ಳಾಗಡ್ಡಿ ಜೊತೆ ತಿಂದರೆ ಆಗಬಹುದೇನೋ ಅಂದ್ವಿ. "ನಮ್ಮವ್ವಗ ಹೇಳಿ ನೋಡ್ತೀನಿ, ಬೈಸ್ಕೊಂಡ್ರ ನಿಮ್ ಹೆಸರು ಹೇಳ್ತೀನಿ" ಅಂದಳು. ಹಸಿವಿಗೆ ಚಹಾ ಕುಡಿಯೋ ಪರಿಸ್ಥಿತಿ ಇರೋರಿಗೆ ಉಪದೇಶ ಮಾಡೋಕೆ ನಮಗೆ ಬಾಯಿ ಬರಲ್ಲ. ಅವರಿಗೆ ಬೇಕಾದ್ದು ಕೂಲಿ, ಕಾಳು, ಮಾತ್ರೆ. ನಮ್ಮ ಮೆಸ್ಸಿಗೆ ಆ ಕಷ್ಟ ಇಲ್ಲ. ಅಲ್ಲಿರೋದು ಬರೇ ಅಭ್ಯಾಸ.

ಹಾಗಾಗಿ ಮೆಸ್ ಕಮಿಟಿಗೆ ನಾವು ಕೇಳೋದು ಇಷ್ಟು. ಬೆಳಗಿನ ಚಹಾ ಏಳಕ್ಕೆ ಕೊಡಿ, ಇಲ್ಲಾ ಹತ್ತೂವರೆ ಬ್ರೇಕಿಗೆ ಕೊಡಿ. ಎಂಟರ ನಾಷ್ಟಾ ಜೊತೆ ಬೇಡ. ಅವಲಕ್ಕಿಗೆ ನಿಂಬೆರಸವನ್ನ ಬಾಣಲೆಯಲ್ಲಿ ಕುದಿಸದೆ ತಟ್ಟೆಗೆ ಹಾಕೋವಾಗ ಹಿಂಡಿ, ಬಿಸಿಗೆ ವಿಟಮಿನ್ ಸಿ ಉಳಿಯಲ್ಲ. ಮಧ್ಯಾಹ್ನ ಸಿಹಿ ಕೊಡೋ ದಿನಗಳಲ್ಲಿ ಎರಡನ್ನ ಕಡಿಮೆ ಮಾಡಿ ಆ ದುಡ್ಡಿಗೆ ಪೇರಲಹಣ್ಣು ತನ್ನಿ, ಸೀಸನ್ ಇಲ್ಲದಾಗ ನೆಲ್ಲಿಕಾಯಿ. ವಾರಕ್ಕೆ ಎರಡು ದಿನ ಜೋಳದ ರೊಟ್ಟಿ, ಮೊಳಕೆ ಕಾಳು, ಹಸಿ ಉಳ್ಳಾಗಡ್ಡಿ. ಸಿಹಿ ಹೋಗುತ್ತೆ ಅಂತ ಬಾಯ್ಸ್ ಹಾಸ್ಟೆಲ್‌ನಿಂದ ವಿರೋಧ ಬರೋದು ಗ್ಯಾರಂಟಿ, ಅವರ ಜೊತೆ ಮಾತಾಡೋಕೆ ನಮ್ಮ ಬಳಗದ ಮೂವರು ರೆಡಿ ಇದ್ದಾರೆ. ಸಹಿಯ ಹಾಳೆ ಲೇಡೀಸ್ ಹಾಸ್ಟೆಲ್ ನೋಟಿಸ್ ಬೋರ್ಡಿನ ಕೆಳಗಿನ ಟೇಬಲ್ ಮೇಲಿದೆ, ಇನ್ನೊಂದು ಕ್ಯಾಂಟೀನ್ ಕೌಂಟರಿನಲ್ಲಿ. ಚಹಾ ಕುಡೀತಾ ಸಹಿ ಹಾಕಿದರೂ ನಡೆಯುತ್ತೆ, ಊಟ ಆಗಿ ಎರಡು ತಾಸು ಆಗಿರಲಿ ಅಷ್ಟೇ.